ಬಲ್ಬು ಹೇಳಿದ್ದು, ಮೀಟರ್ ಹೇಳದೇ ಇದ್ದದ್ದು

ಬಿಇ ಓದಿದವರಿಗೆ ಊರಲ್ಲಿ ಒಂದು ಕಷ್ಟ ಇದೆ. ಮಿಕ್ಸಿ ಕೆಟ್ಟರೂ ಅವರನ್ನೇ ಕರೀತಾರೆ, ಟೀವಿಯಲ್ಲಿ ಚಾನೆಲ್ ಬರದಿದ್ದರೂ ಅವರನ್ನೇ ಕರೀತಾರೆ. "ಏನಪ್ಪಾ, ಇಂಜಿನಿಯರು ಅಂತೀಯ, ಇಷ್ಟೂ ಗೊತ್ತಾಗಲ್ವಾ?" ಅನ್ನೋ ಮಾತಿಗೆ ಹೆದರಿ ನಾನು ಎಷ್ಟೋ ವಸ್ತುಗಳ ಸ್ಕ್ರೂ ಬಿಚ್ಚಿದ್ದೇನೆ. ಕೆಲವು ಸರಿಹೋಗಿವೆ. ಉಳಿದವುಗಳ ಕಥೆ ನಮ್ಮಮ್ಮನನ್ನು ಕೇಳಿ.

2018ರಲ್ಲಿ ಕಂಪನಿಯವರು ನನ್ನನ್ನು ಆಕ್ಸ್‌ಫರ್ಡ್‌ನ ಒಬ್ಬ ಕ್ಲೈಂಟ್ ಹತ್ತಿರ ಆನ್‌ಸೈಟ್ ಕಳಿಸಿದಾಗ, ಸದ್ಯ ಈ ಕಾಟ ತಪ್ಪಿತು ಅಂದುಕೊಂಡೆ. ಆಕ್ಸ್‌ಫರ್ಡ್‌ನ ಬಾಡಿಗೆ ಕೇಳಿ ತಲೆ ತಿರುಗಿ, ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದಕ್ಷಿಣಕ್ಕಿರುವ ಅಬಿಂಗ್ಡನ್ ಅನ್ನೋ ಊರಲ್ಲಿ ಒಂದು ರೂಮು ಹಿಡಿದೆ. ಮನೆ ಓನರ್ ಎಪ್ಪತ್ನಾಲ್ಕು ವರ್ಷದ ಅಜ್ಜ. ಹೆಂಡತಿ ತೀರಿಕೊಂಡು ಆರು ವರ್ಷ. ಮಗಳು ರೆಡಿಂಗ್‌ನಲ್ಲಿ. ಮೊದಲನೇ ವಾರವೇ ಅಜ್ಜ ಟೀ ಕೊಡುತ್ತಾ ಕೇಳಿದರು: "ನೀನು ಯಾವ ಇಂಜಿನಿಯರು?" ನಾನು ಸಾಫ್ಟ್‌ವೇರ್ ಅನ್ನಬಹುದಿತ್ತು. ಜಂಬಕ್ಕೆ "ಓದಿದ್ದು ಎಲೆಕ್ಟ್ರಾನಿಕ್ಸ್" ಅಂದೆ. ಅಜ್ಜ ಎದ್ದು ಗ್ಯಾರೇಜಿನ ಬೀಗದ ಕೈ ತಂದರು.

ಅಬಿಂಗ್ಡನ್ ಅಂದರೆ ಎಂಜಿ ಕಾರುಗಳ ಊರು. 1929ರಿಂದ 1980ರವರೆಗೆ ಎಂಜಿ ಫ್ಯಾಕ್ಟರಿ ಇದ್ದದ್ದು ಅಲ್ಲೇ. (ಈಗ ನಮ್ಮ ರಸ್ತೆಗಳಲ್ಲಿ ಓಡಾಡುವ ದೊಡ್ಡ ದೊಡ್ಡ ಎಂಜಿಗಳಿಗೂ ಅದಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಹೆಚ್ಚೇನೂ ಇಲ್ಲ.) ಅಲ್ಲಿ ಅತಿ ಹೆಚ್ಚು ತಯಾರಾದ ಕಾರು ಎಂಜಿಬಿ. 1962ರಿಂದ 1980ರ ತನಕ, 5 ಲಕ್ಷಕ್ಕೂ ಹೆಚ್ಚು. ನಮ್ಮ ಅಜ್ಜ ಆ ಫ್ಯಾಕ್ಟರಿಯಲ್ಲಿ ಸೀಟು, ಹುಡ್ ಕೂರಿಸುವ ಕೆಲಸದಲ್ಲಿದ್ದವರು. ಗ್ಯಾರೇಜಿನಲ್ಲಿ ಕಂಬಳಿ ಹೊದ್ದು ಕೂತಿದ್ದದ್ದು ಅವರ ಸ್ವಂತ 1977ರ ಎಂಜಿಬಿ. ಎರಡೇ ಸೀಟು, ತೆರೆದ ಮೇಲ್ಛಾವಣಿ, ಮುಂದೆ ಹಿಂದೆ ಕಪ್ಪು ರಬ್ಬರಿನ ಬಂಪರು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. "ನನಗೂ ಬಸ್ ಫ್ರೀ, ಇವಳಿಗೂ ಟ್ಯಾಕ್ಸ್ ಫ್ರೀ" ಅಂತ ಅಜ್ಜ ನಕ್ಕರು.

ಕಾರು ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಅಜ್ಜನ ಕೈಯಲ್ಲಿ. ಎರಡು ವರ್ಷದಿಂದ ಕೈ ನಡುಗೋಕೆ ಶುರುವಾಗಿತ್ತು. ಡ್ರೈವಿಂಗ್‌ಗೆ ಅಡ್ಡಿಯಿಲ್ಲ, ಡಾಕ್ಟರೂ ಒಪ್ಪಿದ್ದರು. ಆದರೆ ಪಾಯಿಂಟ್ಸ್ ಸೆಟ್ ಮಾಡೋಕೆ ಆಗುತ್ತಿರಲಿಲ್ಲ.

ಹಳೇ ಕಾರು, ಹಳೇ ಯೆಜ್ಡಿ ಕಂಡವರಿಗೆ ಪಾಯಿಂಟ್ಸ್ ಗೊತ್ತು. ಉಳಿದವರಿಗೆ ಒಂದು ಪ್ಯಾರಾದಲ್ಲಿ ಹೇಳ್ತೀನಿ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. 12 ವೋಲ್ಟ್ ಬ್ಯಾಟರಿಯಿಂದ ನೇರ ಕಿಡಿ ಹಾರಲ್ಲ, ಹಲವು ಸಾವಿರ ವೋಲ್ಟ್ ಬೇಕು. ಅದಕ್ಕೆ ಇಗ್ನಿಷನ್ ಕಾಯಿಲ್. ಅದರ ಒಂದು ಸುತ್ತಿನಲ್ಲಿ ಕರೆಂಟು ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತೆ. ಆ ಕರೆಂಟನ್ನು ಫಟ್ ಅಂತ ಕಡಿದರೆ ಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳಿರುವ ಇನ್ನೊಂದು ತಂತಿಯಲ್ಲಿ ಭಾರೀ ವೋಲ್ಟೇಜು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಆ ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರ್ ಒಳಗಿನ ಒಂದು ಪುಟ್ಟ ಸ್ವಿಚ್ಚಿನದು. ಅದೇ ಪಾಯಿಂಟ್ಸ್. ನಾಲ್ಕು ಸಿಲಿಂಡರಿನ ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟ್ಸ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಪಾಪ, ಸವೆಯುತ್ತೆ, ಸುಡುತ್ತೆ, ಆಗಾಗ ಅದರ ಗ್ಯಾಪು ಸರಿಮಾಡಬೇಕು. ಎಷ್ಟು ಗ್ಯಾಪು? ಒಂದು ಇಂಚಿನ ಸಾವಿರದಲ್ಲಿ ಹದಿನೈದು ಭಾಗ. ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ನಡುವೆ ತೂರಿಸಿ, ಅದು ಬಿಗಿಯಾಗಿಯೂ ಅಲ್ಲ ಸಡಿಲವಾಗಿಯೂ ಅಲ್ಲ ಅನ್ನೋ ಹಾಗೆ ಸ್ಕ್ರೂ ತಿರುಗಿಸಬೇಕು. ನಡುಗುವ ಕೈಯಲ್ಲಿ ಸಾಧ್ಯವಾಗುವ ಕೆಲಸ ಅಲ್ಲ.

"ನಲವತ್ತು ವರ್ಷ ನಾನೇ ಮಾಡಿದ್ದೇನೆ. ಈಗ ಗ್ಯಾರೇಜಿನವನಿಗೆ ದುಡ್ಡು ಕೊಡೋದಾ?" ಅಂದರು ಅಜ್ಜ. ದುಡ್ಡಿನ ಮಾತು ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಇದಕ್ಕೆ ಪರಿಹಾರ ಮಾರ್ಕೆಟ್ಟಿನಲ್ಲಿದೆ. ಪಾಯಿಂಟ್ಸ್ ಕಿತ್ತು ಆ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸೋದು. ತಿರುಗುವ ಕಡ್ಡಿಗೆ ಮ್ಯಾಗ್ನೆಟ್ ಇರುವ ಒಂದು ಉಂಗುರ. ಮ್ಯಾಗ್ನೆಟ್ ಎದುರಿಗೆ ಬಂದಾಗ ಹಾಲ್ ಸೆನ್ಸರ್ ಗುರುತಿಸಿ, ಒಳಗಿರುವ ಟ್ರಾನ್ಸಿಸ್ಟರ್ ಕರೆಂಟನ್ನು ಕಡಿಯುತ್ತೆ. ಸವೆಯೋದಿಲ್ಲ, ಗ್ಯಾಪು ಇಲ್ಲ. ಹೊರಗೆ ಬರೋದು ಎರಡೇ ವೈರು, ಒಂದು ಕೆಂಪು, ಒಂದು ಕಪ್ಪು. ಒಂದು ಶನಿವಾರ ಅರ್ಧ ಗಂಟೆಯಲ್ಲಿ ಕೂರಿಸಿದೆ. ಕಪ್ಪು ವೈರು ಕಾಯಿಲ್ಲಿನ ಮೈನಸ್‌ಗೆ, ಕೆಂಪು ಪ್ಲಸ್‌ಗೆ. ಜೊತೆಗೆ ಬಂದಿದ್ದ ಸೂಚನೆಯ ಹಾಳೆಯಲ್ಲಿ ಮೊದಲನೇ ಚಿತ್ರ ನೋಡಿದೆ, ಉಳಿದದ್ದು ಮಡಚಿಟ್ಟೆ. ಎರಡು ವೈರಿಗೆ ಯಾರು ಡಾಕ್ಯುಮೆಂಟೇಶನ್ ಓದ್ತಾರೆ? ಕಿತ್ತ ಪಾಯಿಂಟ್ಸನ್ನು ಕಸದ ಬುಟ್ಟಿಗೆ ಹಾಕಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಕೀ ತಿರುಗಿಸಿದರೆ ಇಂಜಿನ್ ಝುಂ ಅಂತ ಹತ್ತಿಕೊಂಡಿತು. ಕೀ ಬಿಟ್ಟ ತಕ್ಷಣ ಸೀನೋಕೆ ಶುರು. ಆಕ್ಸಿಲರೇಟರ್ ಒತ್ತಿದರೆ ಎರಡು ಸಲ ಕೆಮ್ಮಿ ಆಫ್. ಮತ್ತೆ ತಿರುಗಿಸಿದರೆ ಮತ್ತೆ ಝುಂ. ಕೀ ಬಿಟ್ಟರೆ ಮತ್ತೆ ಕೆಮ್ಮು. ಸ್ಟಾರ್ಟ್ ಆಗುವ ಕಾರು ಓಡಲ್ಲ ಅಂದರೆ ಏನರ್ಥ?

ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಹೋಗ್ತಿಲ್ಲವೇನೋ ಅನ್ನಿಸಿತು. ಅನುಮಾನ ಸರಿಯಾಗಿಯೇ ಇತ್ತು. ಪರೀಕ್ಷೆ ಮಾಡಿದ ರೀತಿ ತಪ್ಪು. ಕಾಯಿಲ್ಲಿನ ಪ್ಲಸ್‌ಗೆ ಬರುವ ವೈರನ್ನು ಬಿಚ್ಚಿ, ಅದರ ತುದಿಗೆ ನನ್ನ ಡಿಜಿಟಲ್ ಮಲ್ಟಿಮೀಟರ್ ಹಿಡಿದು, ಕೀ ಆನ್ ಮಾಡಿದೆ. 12.3. ಅಜ್ಜನಿಗೂ ತೋರಿಸಿದೆ. ಹಾಗಾದರೆ ವೋಲ್ಟೇಜು ಬರ್ತಿದೆ, ನಲವತ್ತು ವರ್ಷದ ವೈರು ಒಳಗೆಲ್ಲೋ ಸಡಿಲ ಆಗಿದೆ ಅಂತ ತೀರ್ಪು ಕೊಟ್ಟು, ಫ್ಯೂಸ್ ಬಾಕ್ಸಿನ ಇಗ್ನಿಷನ್ ಫೀಡಿನಿಂದ ನೇರವಾಗಿ ಕಾಯಿಲ್‌ಗೆ ಒಂದು ಹೊಸ ದಪ್ಪ ವೈರು ಎಳೆದೆ.

ಆಮೇಲೆ ನೋಡಬೇಕಿತ್ತು ನೀವು. ಕಾರು ಹೂವಿನ ಹಾಗೆ ಓಡಿತು. ಅಜ್ಜ ಅವತ್ತು ರಾತ್ರಿ ನನಗೆ ಊಟ ಹಾಕಿಸಿದರು. ಪಬ್ಬಿನಲ್ಲಿ ಪಕ್ಕದ ಟೇಬಲಿನವರಿಗೆಲ್ಲ "ನಮ್ಮ ಇಂಡಿಯಾದ ಹುಡುಗ, ಎಲೆಕ್ಟ್ರಾನಿಕ್ಸ್ ಇಂಜಿನಿಯರು" ಅಂತ ಪರಿಚಯ ಮಾಡಿಕೊಟ್ಟರು. ನಾನು ಸಾಫ್ಟ್‌ವೇರ್ ಅಂತ ತಿದ್ದಲಿಲ್ಲ.

ಎರಡು ವಾರ ಕಳೆದು, ಸೆಪ್ಟೆಂಬರಿನ ಒಂದು ಭಾನುವಾರ ಇಬ್ಬರೂ ನ್ಯೂಬರಿ ಕಡೆ ಹೋಗಿದ್ದೆವು. ವಾಪಸ್ ಬರುವಾಗ ಎ34 ರಸ್ತೆ. ಆ ರಸ್ತೆ ಗೊತ್ತಿರುವವರು ಈಗಾಗಲೇ ಮುಖ ಕಿವುಚಿರ್ತಾರೆ. ಸೌತಾಂಪ್ಟನ್ ಬಂದರಿನಿಂದ ಬರುವ ಲಾರಿಗಳೆಲ್ಲ ಅದರಲ್ಲೇ. ಮೋಟರ್‌ವೇ ವೇಗ, ಆದರೆ ಬದಿಗೆ ನಿಲ್ಲಿಸೋಕೆ ಹೆಚ್ಚಿನ ಕಡೆ ಹಾರ್ಡ್ ಶೋಲ್ಡರ್ ಇಲ್ಲ. ಇಂಜಿನ್ ಯಾವ ಸೂಚನೆಯನ್ನೂ ಕೊಡದೆ ಸತ್ತುಹೋಯಿತು. ಸೀನಲಿಲ್ಲ, ಕೆಮ್ಮಲಿಲ್ಲ, ಸ್ವಿಚ್ ಆಫ್ ಮಾಡಿದ ಹಾಗೆ. ಹಿಂದೆ ಒಂದು ಲಾರಿ ಹಾರ್ನ್ ಒತ್ತಿಕೊಂಡೇ ಬರ್ತಿತ್ತು. ತೆರೆದ ಕಾರಿನಲ್ಲಿ ಕೂತವನಿಗೆ ಲಾರಿಯ ಚಕ್ರ ಭುಜದ ಎತ್ತರಕ್ಕೆ ಕಾಣಿಸುತ್ತೆ. ಅಜ್ಜ ಮಾತಾಡಲಿಲ್ಲ. ಗೇರ್ ನ್ಯೂಟ್ರಲ್‌ಗೆ ತಂದು, ಇಳಿಜಾರಿನಲ್ಲಿ ಉರುಳಿಸಿಕೊಂಡು ಹೋಗಿ, ಒಂದು ಲೇಬೈಯಲ್ಲಿ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಎರಡೂ ಕೈಗಳನ್ನು ಸ್ಟೀರಿಂಗ್ ಮೇಲೇ ಇಟ್ಟಿದ್ದರು. ತೆಗೆದರೆ ನಡುಗೋದು ಕಾಣಿಸುತ್ತಿತ್ತಲ್ಲ, ಅದಕ್ಕೆ.

ಬಾನೆಟ್ ಎತ್ತಿ ಕಾಯಿಲ್ ಮುಟ್ಟಿದೆ, ಕೈ ಸುಟ್ಟಿತು. ಅಜ್ಜ ಕೇಳಿದರು, "ಹಳೇ ಪಾಯಿಂಟ್ಸ್ ಎಲ್ಲಿ? ಹಾಕಿಕೊಂಡು ಮನೆ ಸೇರಬಹುದು. ನಾನು ಹೇಳ್ತೀನಿ, ನೀನು ಹಾಕು." ನಾನು ಬಿಸಾಕಿದೆ ಅಂದೆ. ಅವರು ತಲೆ ಆಡಿಸಿ ದೂರದ ಹೊಲ ನೋಡುತ್ತಾ ನಿಂತರು.

ರಿಕವರಿ ಲಾರಿಯ ಜೊತೆಗೆ ಮಗಳೂ ಬಂದಳು. ಅಪ್ಪನಿಗೆ ಏನೂ ಅನ್ನಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಚಳಿಗಾಲದೊಳಗೆ ಇದನ್ನು ಮಾರಿಸ್ತೀನಿ. ನೀನು ಇನ್ನು ಇದಕ್ಕೆ ಕೈ ಹಾಕಬೇಡ" ಅಂದಳು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, "ನಿನ್ನ ತಪ್ಪಲ್ಲ, ಈ ಅಗ್ಗದ ಪಾರ್ಟುಗಳೇ ಹೀಗೆ" ಅಂತ ಸೇರಿಸಿದಳು.

ನಾನು ಹೌದು ಅಂದೆ. ನಿಜ ಹೇಳ್ತೀನಿ, ಬಾಯಿಗೆ ಅಷ್ಟು ಸಲೀಸಾಗಿ ಬಂತು. ಹತ್ತು ವರ್ಷದಿಂದ ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದಾಗ "ಥರ್ಡ್ ಪಾರ್ಟಿ ಲೈಬ್ರರಿ ಇಶ್ಯೂ" ಅಂತ ಮೇಲ್ ಬರೆದು ಅಭ್ಯಾಸ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಕಾರು ಗೊತ್ತಿಲ್ಲ, ಮೋಟಾರ್ ಗೊತ್ತು. ಶಿರಾ ಕಡೆಯ ನಮ್ಮ ಹೊಲದಲ್ಲಿ ಬೋರ್‌ವೆಲ್ ಇದೆ. ಥ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತೋ ಆ ಹೊತ್ತಿಗೆ ಎದ್ದು ಹೋಗಿ ನೀರು ಕಟ್ಟೋದು ಅವರ ಜೀವನ. ಕಥೆ ಪೂರ್ತಿ ಕೇಳಿ, "ಕರೆಂಟು ಸರಿ ಇತ್ತಾ?" ಅಂದರು.

"ಇತ್ತಪ್ಪ. ಮೀಟರ್ ಹಾಕಿ ನೋಡ್ದೆ. ಹನ್ನೆರಡು ಇತ್ತು."

"ಬಲ್ಬ್ ಹಾಕಿ ನೋಡ್ದಾ?"

ಅಷ್ಟೇ ಕೇಳಿದ್ದು. ನನಗೆ ಮಾತೇ ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಹದಿನೈದು ವರ್ಷ ಹಿಂದಕ್ಕೆ, ನಮ್ಮ ಪಂಪ್‌ಹೌಸಿಗೆ ಹೋಗಬೇಕು.

ಪಂಪ್‌ಹೌಸಿನ ಗೋಡೆಯಲ್ಲಿ ಅಪ್ಪ ಮೂರು ಬಲ್ಬು ಹಾಕಿದ್ದರು, ಫೇಸಿಗೊಂದು. ಬಯಲುಸೀಮೆಯಲ್ಲಿ ಹೀಗೆ ಹಾಕುವವರು ಬಹಳ ಜನ. ಕರೆಂಟು ಬಂದ ಕೂಡಲೇ ಅಪ್ಪ ಸ್ಟಾರ್ಟರ್ ಒತ್ತುತ್ತಿರಲಿಲ್ಲ. ಬೀಡಿ ಹಚ್ಚಿ ಬಲ್ಬು ನೋಡುತ್ತಾ ಕೂರೋರು. ಸುತ್ತಲಿನ ಎಲ್ಲರ ಮೋಟಾರುಗಳೂ ಒಟ್ಟಿಗೆ ಶುರುವಾಗಿ, ಬಲ್ಬು ಒಮ್ಮೆ ಕೆಂಡದ ಹಾಗೆ ಕುಗ್ಗಿ, ನಿಧಾನಕ್ಕೆ ಚೇತರಿಸಿಕೊಂಡ ಮೇಲೆ ಎದ್ದು ಒತ್ತೋರು. ಮೂರರಲ್ಲಿ ಒಂದು ಮಂಕಾಗಿದ್ದರೆ ಅವತ್ತು ಮೋಟಾರ್ ಇಲ್ಲ. ಬೈಕೊಂಡು ಮನೆಗೆ ಬರೋರು.

ನಾನು ಎರಡನೇ ವರ್ಷದ ಬಿಇಯಲ್ಲಿದ್ದಾಗ ಎಸ್‌ಪಿ ರೋಡಿನಿಂದ ಒಂದು ಡಿಜಿಟಲ್ ವೋಲ್ಟ್ ಮೀಟರ್ ತಂದು ಪ್ಯಾನಲ್‌ಗೆ ಕೂರಿಸಿದೆ. ಕೆಂಪು ಅಂಕಿಗಳು, ಬಹಳ ಚಂದ. "ಇನ್ನು ಬಲ್ಬು ಗಿಲ್ಬು ಬೇಡ, ಇದು ಕರೆಕ್ಟಾಗಿ ಹೇಳುತ್ತೆ" ಅಂತ ಬಲ್ಬುಗಳನ್ನು ನಾನೇ ಬಿಚ್ಚಿಸಿದೆ. ಮಗ ಇಂಜಿನಿಯರು, ಅಪ್ಪ ಒಪ್ಪಿದರು. ಎರಡು ತಿಂಗಳಿಗೆ ಮೋಟಾರ್ ಸುಟ್ಟಿತು. ಕಂಬದ ಮೇಲೆ ಒಂದು ಫೇಸಿನ ಜಂಪರ್ ಕರಿಗಟ್ಟಿ, ಹಿಡಿದೂ ಹಿಡಿಯದ ಹಾಗಿತ್ತು. ಮೀಟರು ನೋಡಿದರೆ ಮೂರು ಫೇಸೂ ಸರಿ. ಸ್ಟಾರ್ಟರ್ ಒತ್ತಿದಾಗ ಆ ಜಾಯಿಂಟ್ ಭಾರ ತಡೆಯಲಿಲ್ಲ, ಮೋಟಾರು ಎರಡೇ ಫೇಸಿನಲ್ಲಿ ಗುಂಯ್ ಅಂದು ಕೂತಿತು. ಕಾಪಾಡಬೇಕಿದ್ದ ಓವರ್‌ಲೋಡ್ ರಿಲೇಯನ್ನು, ಎಲ್ಲರ ಪಂಪ್‌ಹೌಸಿನ ಹಾಗೆ, ಯಾರೋ ಯಾವತ್ತೋ ವೈರು ಸುತ್ತಿ ಬೈಪಾಸ್ ಮಾಡಿದ್ದರು. ಸಬ್‌ಮರ್ಸಿಬಲ್ ಮೋಟಾರು; ಪೈಪುಗಳನ್ನೆಲ್ಲ ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಟೊಮೇಟೊ ಒಣಗಿತ್ತು. ನನ್ನ ಆ ಸೆಮಿಸ್ಟರಿನ ಫೀಸು ಸಾಲದಲ್ಲಿ ಕಟ್ಟಿದರು. ಅಪ್ಪ ಒಂದು ದಿನವೂ ನನ್ನ ಮೀಟರಿನ ಬಗ್ಗೆ ಮಾತಾಡಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಮೂರು ಬಲ್ಬುಗಳು ಮತ್ತೆ ಗೋಡೆಗೆ ಬಂದಿದ್ದವು. ಮೀಟರೂ ಇತ್ತು. ಅದರ ಅಂಕಿಗಳ ಮೇಲೆ ಒಂದು ಊದುಬತ್ತಿ ಕವರು ಸಿಕ್ಕಿಸಿದ್ದರು.

ಡಿಜಿಟಲ್ ಮೀಟರು ತನಗೋಸ್ಕರ ಕರೆಂಟನ್ನೇ ಎಳೆಯೋದಿಲ್ಲ, ಅಥವಾ ಎಳೆಯೋದು ಇಲ್ಲ ಅನ್ನುವಷ್ಟು ಕಡಿಮೆ. ಅದರ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಒಂದು ಕೋಟಿ ಓಮ್. ಕರೆಂಟು ಹರಿಯದೆ ವೋಲ್ಟೇಜು ಇಳಿಯೋದಿಲ್ಲ. ಹಾಗಾಗಿ ದಾರಿಯಲ್ಲಿ ಎಷ್ಟೇ ಅಡ್ಡಿ ಇದ್ದರೂ ಮೀಟರಿಗೆ ಕಾಣಲ್ಲ. ಬಲ್ಬು ಹಾಗಲ್ಲ, ಅದಕ್ಕೆ ಹೊಟ್ಟೆಗೆ ಬೇಕು. ದಾರಿಯಲ್ಲಿ ಅಡ್ಡಿ ಇದ್ದರೆ ಅದರ ಮುಖ ಬಾಡುತ್ತೆ. ವಿ ಈಸ್ ಈಕ್ವಲ್ ಟು ಐ ಆರ್. ಪಿಯುಸಿಯಲ್ಲಿ ಓದಿದ್ದು, ಬಿಇ ಮೊದಲನೇ ಸೆಮಿಸ್ಟರಿನಲ್ಲಿ ಮತ್ತೆ ಓದಿದ್ದು. ನನಗೆ ಆ ಪೇಪರಿನಲ್ಲಿ ಡಿಸ್ಟಿಂಕ್ಷನ್.

ಮಾರನೇ ದಿನ ಸಂಜೆ ಗ್ಯಾರೇಜಿನ ಡಬ್ಬದಿಂದ ಒಂದು ಹಳೇ ಇಂಡಿಕೇಟರ್ ಬಲ್ಬು ಹುಡುಕಿದೆ, 12 ವೋಲ್ಟ್, 21 ವ್ಯಾಟ್. ಎರಡು ವೈರು ಬೆಸುಗೆ ಹಾಕಿದೆ. ನಾನು ಎಳೆದ ಹೊಸ ವೈರಿಗೆ ಮುಟ್ಟಿಸಿದರೆ ಕಣ್ಣು ಕೋರೈಸುವ ಬೆಳಕು. ಬಿಚ್ಚಿಟ್ಟಿದ್ದ ಹಳೇ ವೈರಿಗೆ ಮುಟ್ಟಿಸಿದೆ. ಮಂಕಾಯಿತು. ಬಲ್ಬು ಉರಿಯುವಾಗಲೇ ಪಕ್ಕದಲ್ಲಿ ಮೀಟರ್ ಹಿಡಿದರೆ ಹತ್ತು ಚಿಲ್ಲರೆ. ಬಲ್ಬು ತೆಗೆದರೆ ಮತ್ತೆ 12.3.

ಮಡಚಿಟ್ಟ ಸೂಚನೆ ಹಾಳೆಯನ್ನು ಈಗ ಬಿಡಿಸಿದೆ. ಎರಡನೇ ಪುಟದಲ್ಲಿ, ದಪ್ಪಕ್ಷರದಲ್ಲಿ: ನಿಮ್ಮ ಕಾರಿನಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಇದ್ದರೆ ಕೆಂಪು ವೈರನ್ನು ಅದಕ್ಕಿಂತ ಮೊದಲಿನ ಜಾಗಕ್ಕೆ ಜೋಡಿಸಿ, ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಸಿಗಬೇಕು, ನಾಲ್ಕು ಸಿಲಿಂಡರಿನ ಕಾರಿಗೆ ದಾರಿಯ ಒಟ್ಟು ರೆಸಿಸ್ಟೆನ್ಸ್ 3 ಓಮ್‌ಗಿಂತ ಕಡಿಮೆ ಇರಬಾರದು.

ಬ್ಯಾಲಸ್ಟ್ ರೆಸಿಸ್ಟರ್ ನನ್ನ ಕಣ್ಣಿಗೆ ಬೀಳದಿದ್ದಕ್ಕೆ ಒಂದು ಕಾರಣ ಇದೆ. ಕೆಲವು ಹಳೇ ಕಾರುಗಳಲ್ಲಿ ಅದು ಪಿಂಗಾಣಿಯ ಒಂದು ಬಿಳಿ ತುಂಡು, ಕಾಯಿಲ್ ಪಕ್ಕದಲ್ಲೇ ಕೂತಿರುತ್ತೆ. ಎಪ್ಪತ್ತರ ದಶಕದ ಕೊನೆಯ ಎಂಜಿಬಿಯಲ್ಲಿ ಅದು ಒಂದು ವೈರು ಅಷ್ಟೇ. ರೆಸಿಸ್ಟೆನ್ಸ್ ಇರುವ ತಂತಿ, ಉಳಿದ ವೈರುಗಳ ಕಟ್ಟಿನೊಳಗೆ ಸುತ್ತಿ ಮುಚ್ಚಿಹೋಗಿರುತ್ತೆ. ಅಂದರೆ ನಾನು ಸಡಿಲ ಆಗಿದೆ ಅಂತ ಪಕ್ಕಕ್ಕೆ ತಳ್ಳಿದ ಆ ವೈರೇ ಬ್ಯಾಲಸ್ಟ್. ಅದು ಕೆಟ್ಟಿರಲಿಲ್ಲ. ತನ್ನ ಕೆಲಸ ಮಾಡುತ್ತಿತ್ತು.

ಏನು ಕೆಲಸ? ಇದು ನನಗೆ ಬಹಳ ಹಿಡಿಸಿತು, ಸ್ವಲ್ಪ ತಾಳ್ಮೆಯಿಂದ ಓದಿ. ಚಳಿಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಮೋಟಾರು ಬ್ಯಾಟರಿಯನ್ನು ಹೀರಿಬಿಡುತ್ತೆ. 12.6 ಇದ್ದದ್ದು ಒಂಬತ್ತಕ್ಕೋ ಹತ್ತಕ್ಕೋ ಇಳಿಯುತ್ತೆ, ಸಂಜೆ ಹೊತ್ತಿನ ನಮ್ಮೂರಿನ ಲೈನಿನ ಹಾಗೆ. ಅಂದರೆ ಇಂಜಿನ್ನಿಗೆ ಕಿಡಿ ಜೋರಾಗಿ ಬೇಕಾದ ಕ್ಷಣದಲ್ಲೇ ಕಾಯಿಲ್‌ಗೆ ಸಿಗೋದು ಕಡಿಮೆ. ಅದಕ್ಕೆ ಇಂಜಿನಿಯರುಗಳು ಒಂದು ಉಪಾಯ ಮಾಡಿದರು. ಕಾಯಿಲನ್ನೇ ಅರ್ಧ ವೋಲ್ಟೇಜಿಗೆ ತಕ್ಕ ಹಾಗೆ, ಸುಮಾರು 1.5 ಓಮ್‌ನದು ಮಾಡಿದರು. ಮಾಮೂಲಿ ಓಡುವಾಗ ಇನ್ನೊಂದು 1.5 ಓಮ್ ಬ್ಯಾಲಸ್ಟ್ ಅದರ ದಾರಿಯಲ್ಲಿ ಕೂತು ಉಳಿದ ಅರ್ಧವನ್ನು ತಾನು ತಿಂದು ಬಿಸಿಯಾಗುತ್ತೆ. ಸ್ಟಾರ್ಟರ್ ತಿರುಗುವಷ್ಟು ಹೊತ್ತು ಮಾತ್ರ, ಸ್ಟಾರ್ಟರ್ ಸೊಲೆನಾಯ್ಡಿನಿಂದ ಬರುವ ಇನ್ನೊಂದು ವೈರು ಬ್ಯಾಲಸ್ಟನ್ನು ದಾಟಿ ಬ್ಯಾಟರಿಯಲ್ಲಿ ಇದ್ದಷ್ಟನ್ನೂ ನೇರ ಕಾಯಿಲ್‌ಗೆ ಕೊಡುತ್ತೆ. ದಿನಾ ಅರ್ಧ ಹೊಟ್ಟೆ, ನಾಟಿ ದಿನ ಮಾತ್ರ ಭರ್ಜರಿ. ಕೀ ಬಿಟ್ಟರೆ ಮತ್ತೆ ಅರ್ಧ ಹೊಟ್ಟೆ.

ಈಗ ನನ್ನ ಎರಡೂ ತಪ್ಪುಗಳು ಬಿಡಿಬಿಡಿಯಾಗಿ ಕಂಡವು. ಮೊದಲ ದಿನ ಕೀ ತಿರುಗಿಸಿದಾಗ ಝುಂ ಅಂದದ್ದು ಯಾಕೆಂದರೆ ಆಗ ಬೈಪಾಸ್ ಇತ್ತು, ಮಾಡ್ಯೂಲ್‌ಗೆ ಬೇಕಾದಷ್ಟು ಸಿಗ್ತಿತ್ತು. ಕೀ ಬಿಟ್ಟಾಗ ಕಾಯಿಲ್ ಕರೆಂಟು ಎಳೆದ ಪ್ರತಿ ಸಲವೂ ಕಾಯಿಲ್ಲಿನ ಪ್ಲಸ್‌ನಲ್ಲಿ ವೋಲ್ಟೇಜು ಆರು ಏಳಕ್ಕೆ ಬೀಳುತ್ತಿತ್ತು. ಅದೇ ಜಾಗಕ್ಕೆ ಕೆಂಪು ವೈರು ಕೊಟ್ಟಿದ್ದೆನಲ್ಲ, ಮಾಡ್ಯೂಲ್ ತೂಕಡಿಸುತ್ತಿತ್ತು. ಬೇಕಾಗಿದ್ದದ್ದು ಕೆಂಪು ವೈರೊಂದನ್ನು ಬ್ಯಾಲಸ್ಟಿಗಿಂತ ಮುಂಚಿನ ಫ್ಯೂಸ್ ಬಾಕ್ಸಿಗೆ ಒಯ್ಯೋದು. ನಾನು ಕಾಯಿಲನ್ನೂ ಕರ್ಕೊಂಡು ಹೋದೆ. ಬ್ಯಾಲಸ್ಟ್ ಇದ್ದಾಗ 12 ವೋಲ್ಟಿಗೆ 3 ಓಮ್, ಹೆಚ್ಚೆಂದರೆ 4 ಆಂಪ್ಸ್. ಬ್ಯಾಲಸ್ಟ್ ತೆಗೆದರೆ 1.5 ಓಮ್, 8 ಆಂಪ್ಸ್. ಇಂಜಿನ್ ಓಡುವಾಗ ಚಾರ್ಜಿಂಗ್ ವೋಲ್ಟೇಜು 14ರ ಹತ್ತಿರ, ಲೆಕ್ಕ ಇನ್ನೂ ಮೇಲಕ್ಕೆ. ಕರೆಂಟು ಎರಡರಷ್ಟಾದರೆ ಕಾಯಿಲ್ಲಿನ ಬಿಸಿ ನಾಲ್ಕರಷ್ಟು. ಓಡುವ ಇಂಜಿನ್ನಿನಲ್ಲಿ ಕರೆಂಟು ಬಿಟ್ಟು ಬಿಟ್ಟು ಹರಿಯೋದರಿಂದ ಪೂರ್ತಿ ಅಷ್ಟಾಗಲ್ಲ. ಅದಕ್ಕೇ ಎರಡು ವಾರ ತಡೆದುಕೊಂಡಿತು. ಹೂವಿನ ಹಾಗೆ ಓಡಿದ್ದು ಅದೇ ಕಾರಣಕ್ಕೆ. ದಿನಾ ನಾಟಿ ಊಟ ಹಾಕ್ತಿದ್ದೆ.

ಸಾಲದ್ದಕ್ಕೆ, ಇಂಜಿನ್ ಓಡದೆ ಕೀ ಆನ್ ಇಟ್ಟರೆ ಕೆಲವು ಸಲ ಕರೆಂಟು ಕಡಿಯದೆ ಹರಿಯುತ್ತಲೇ ಇರುತ್ತೆ. ನಾನು ನ್ಯೂಬರಿಯಲ್ಲಿ ಕಾರು ನಿಲ್ಲಿಸಿ, ಅಜ್ಜ ಚಹಾ ತರೋಕೆ ಹೋದಾಗ, ಕೀ ಆನ್ ಮಾಡಿಕೊಂಡು ಇಪ್ಪತ್ತು ನಿಮಿಷ ರೇಡಿಯೋದಲ್ಲಿ ಕ್ರಿಕೆಟ್ ಕೇಳಿದ್ದೆ.

ಇಷ್ಟೆಲ್ಲ ಗೊತ್ತಾದ ಮೇಲೂ ಎರಡು ದಿನ ಸುಮ್ಮನಿದ್ದೆ. ಹೊಸ ಮಾಡ್ಯೂಲ್ ತರಿಸಿ ಸರಿಯಾಗಿ ಕೂರಿಸಿ, "ಮೊದಲನೇದು ಡಿಫೆಕ್ಟ್ ಇತ್ತು" ಅಂದರೆ ಮುಗೀತು. ಮಗಳು ಆಗಲೇ ಹಾಗೆ ಅಂದುಕೊಂಡಿದ್ದಾಳೆ. ಆದರೆ ಹಾಗೆ ಅಂದರೆ ಅಜ್ಜನಿಗೆ ಉಳಿಯೋದು ಏನು? ಯಾವಾಗ ಬೇಕಾದರೂ, ಕಾರಣವೇ ಇಲ್ಲದೆ, ಲಾರಿಗಳ ಮುಂದೆ ಸಾಯಬಹುದಾದ ಕಾರು. ಅಂಥ ಕಾರನ್ನು ಮಾರಬೇಕು ಅನ್ನೋದು ಸರಿಯಾದ ಮಾತೇ ಅಲ್ಲವಾ.

ಗುರುವಾರ ರಾತ್ರಿ ಅಡುಗೆಮನೆಯ ಟೇಬಲ್ ಮೇಲೆ ಬಲ್ಬು, ಮೀಟರು, ಸೂಚನೆ ಹಾಳೆ ಎಲ್ಲ ಇಟ್ಟು ಹೇಳಿದೆ. ರೇಡಿಯೋ ವಿಷಯವನ್ನೂ ಹೇಳಿದೆ. ಪಂಪ್‌ಹೌಸಿನದೂ ಹೇಳಿದೆ, ಅದು ಯಾಕೆ ಹೇಳಿದೆನೋ ಗೊತ್ತಿಲ್ಲ. ಅಜ್ಜ ಹಾಳೆಯ ಎರಡನೇ ಪುಟವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಆ ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ಇದ್ದೆ. ಆ ವೈರಿನ ಪಕ್ಕದಲ್ಲೇ ಸೀಟು ಕೂರಿಸ್ತಿದ್ದೆ. ಅದು ಏನು ಅಂತ ಒಂದಿನವೂ ಕೇಳಲಿಲ್ಲ" ಅಂದರು. ಆಮೇಲೆ, "ಮಗಳಿಗೆ ನೀನೇ ಫೋನ್ ಮಾಡು. ಇಂಜಿನಿಯರ್ ಹೇಳಿದರೆ ಕೇಳ್ತಾಳೆ."

ಮಾಡಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಕಾರು ಸರಿಯಿತ್ತು, ಕೆಟ್ಟಿದ್ದು ನೀನು" ಅಂದಳು. ಹೌದು ಅಂದೆ. ಈ ಸಲದ ಹೌದು ಅಷ್ಟು ಸಲೀಸಾಗಿರಲಿಲ್ಲ.

ರಿಪೇರಿ ಹೇಳೋಕೆ ಹೆಚ್ಚೇನಿಲ್ಲ. ಎರಡು ದಾರಿ ಇದ್ದವು. ಬ್ಯಾಲಸ್ಟ್ ಬಿಟ್ಟು 3 ಓಮ್‌ನ ಕಾಯಿಲ್ ಹಾಕೋದು, ಇಲ್ಲವೇ ಬ್ಯಾಲಸ್ಟ್ ಇಟ್ಟುಕೊಂಡು ಅದಕ್ಕೆ ತಕ್ಕ 1.5 ಓಮ್‌ನ ಕಾಯಿಲ್ಲೇ ಹಾಕೋದು. ಎರಡೂ ಸರಿಯೇ, ಕಲಸುಮೇಲೋಗರ ಮಾಡಬಾರದು ಅಷ್ಟೇ. ಅಜ್ಜ ಎರಡನೇದನ್ನು ಆರಿಸಿದರು, ಫ್ಯಾಕ್ಟರಿಯಲ್ಲಿ ಹೇಗಿತ್ತೋ ಹಾಗೆ. ಹೊಸ ಕಾಯಿಲ್, ಹೊಸ ಮಾಡ್ಯೂಲ್ ನನ್ನ ಖರ್ಚು. ಕಾಯಿಲ್ ಹಳೇ ವೈರಿಗೆ, ಕೆಂಪು ವೈರು ಮಾತ್ರ ಫ್ಯೂಸ್ ಬಾಕ್ಸಿಗೆ. ಇಂಜಿನ್ ಓಡುವಾಗಲೇ ಕೆಂಪು ವೈರಿನ ವೋಲ್ಟೇಜ್ ನೋಡಿದೆ, 13.8. ಒಂದು ಜೊತೆ ಹೊಸ ಪಾಯಿಂಟ್ಸ್, ಒಂದು ಕಂಡೆನ್ಸರ್, ಒಂದು ಫೀಲರ್ ಗೇಜ್ ಗ್ಲೋವ್ ಬಾಕ್ಸಿನಲ್ಲಿ. ಒಂದು ಸಂಜೆ ಪೂರ್ತಿ ಅಜ್ಜ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ನನಗೆ ಪಾಯಿಂಟ್ಸ್ ಸೆಟ್ ಮಾಡೋದು ಕಲಿಸಿದರು. ನಾಲ್ಕನೇ ಸಲಕ್ಕೆ "ಹ್ಞೂಂ, ಈಗ ಸರಿ" ಅಂದರು. ಅವರು ಪಟ್ಟಿಯನ್ನು ಮುಟ್ಟಿ ನೋಡಲಿಲ್ಲ. ಅದು ಜಾರುವ ಸದ್ದು ಕೇಳಿಯೇ ಹೇಳಿದ್ದು.

ಅಕ್ಟೋಬರಿನ ಒಂದು ಬೆಳಿಗ್ಗೆ, ಮಂಜು ಬಿದ್ದಿತ್ತು, ಹುಡ್ ತೆಗೆದುಕೊಂಡೇ ಹೊರಟೆವು. ಹಿಂದಿನಿಂದ ಮಗಳು ತನ್ನ ಕಾರಿನಲ್ಲಿ, ಕಾವಲಿಗೆ. ಎ34 ಹತ್ತಿ, ಅದೇ ಇಳಿಜಾರು ಇಳಿದು, ಅದೇ ಲೇಬೈ ದಾಟಿ, ವಾಪಸ್ ಅಬಿಂಗ್ಡನ್‌ಗೆ ಬಂದು ಮಾರ್ಚಮ್ ರೋಡಿನಲ್ಲಿ ಒಂದು ಕಡೆ ನಿಲ್ಲಿಸಿದರು. ಫ್ಯಾಕ್ಟರಿ ಇದ್ದ ಜಾಗ, ಈಗ ಬೇರೇನೇನೋ ಕಟ್ಟಡಗಳು. ಅಜ್ಜ ಇಂಜಿನ್ ಆಫ್ ಮಾಡಿ, ಕೀ ಪೂರ್ತಿ ಹೊರಗೆ ಎಳೆದು, ನಡುಗುವ ಕೈಯಲ್ಲೇ ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇಟ್ಕೋ. ಕ್ರಿಕೆಟ್ ಸ್ಕೋರು ಫೋನಲ್ಲಿ ನೋಡು."